ಬೀಗದ ಕೈ ಯಾರ ಹತ್ತಿರ? ನಿವೃತ್ತ ಗಂಡ-ಹೆಂಡತಿ ಊರೂರಲ್ಲಿ ಇದ್ದು ಬರಲು ತಯಾರಿ

ನಿವೃತ್ತಿಯಾದ ಮೇಲೆ ಊರೂರು ತಿರುಗಬೇಕು ಅಂದುಕೊಂಡವರು ಮೊದಲು ನಕ್ಷೆ ಹರಡಿಕೊಂಡು ಕೂರುತ್ತಾರೆ. ಕಾಶಿ, ಕಛ್, ಲಡಾಖ್, ಕನ್ಯಾಕುಮಾರಿ ಅಂತ ಪಟ್ಟಿ ಉದ್ದವಾಗುತ್ತದೆ. ಹಾಸನ, ಚಿಕ್ಕಮಗಳೂರು ಕಡೆಯವರು ಮೊದಲು ಹುಡುಕಬೇಕಾದ್ದು ಊರನ್ನಲ್ಲ, ಮನೆಯ ಬೀಗದ ಕೈಯನ್ನು ನಂಬಿ ಕೊಡಬಹುದಾದ ಮನುಷ್ಯನನ್ನು. ತಿರುಗಾಟ ದುಡ್ಡು ಸಾಲದೆ ಅರ್ಧಕ್ಕೆ ನಿಲ್ಲುವುದು ಅಪರೂಪ. 'ಅಡುಗೆಮನೆ ಗೋಡೆ ನೀರು ಕುಡಿದಿದೆ', 'ಟ್ಯಾಂಕ್ ತುಂಬಿ ರಸ್ತೆಗೆ ಹರೀತಿದೆ' ಅಂತ ಊರಿನಿಂದ ಬರುವ ಒಂದು ಫೋನ್ ಸಾಕು, ನಿಲ್ಲುತ್ತದೆ.

ಇಲ್ಲಿ ಹೇಳುತ್ತಿರುವುದು ಪ್ಯಾಕೇಜ್ ಟೂರ್ ವಿಷಯವಲ್ಲ. ವರ್ಷದಲ್ಲಿ 7–8 ತಿಂಗಳು ಹೊರಗೆ, ಒಂದು ಊರಿನಲ್ಲಿ ಒಂದು ತಿಂಗಳು, ಉಳಿದದ್ದು ಸ್ವಂತ ಮನೆಯಲ್ಲಿ. ಸನ್ಯಾಸಿಗಳಿಗೂ ಚಾತುರ್ಮಾಸ್ಯ ಅಂತ ಒಂದು ಕಡೆ ನಿಲ್ಲುವ ಪದ್ಧತಿ ಇದೆ. ಅರವತ್ತು ದಾಟಿದ ಮೊಣಕಾಲಿಗೆ ಅದಕ್ಕಿಂತ ಹೆಚ್ಚು ನಿಲುಗಡೆ ಬೇಕು.

ಮೊದಲು 21 ದಿನ ಹತ್ತಿರದಲ್ಲೇ

ಏನನ್ನೂ ಮಾರುವ ಮುಂಚೆ, ಯಾರಿಗೂ ಹೇಳುವ ಮುಂಚೆ, ಮೈಸೂರು ಅಥವಾ ಉಡುಪಿಯಲ್ಲಿ ಅಡುಗೆಮನೆ ಇರುವ ಒಂದು ಚಿಕ್ಕ ಮನೆ ಹಿಡಿದು 21 ದಿನ ಇದ್ದು ನೋಡಿ. ನೆಂಟರ ಮನೆ ಬೇಡ, ಲಾಡ್ಜ್ ಬೇಡ. ಜುಲೈ ತಿಂಗಳಲ್ಲೇ ಹೋಗಿ. ನಿಮ್ಮ ಪರೀಕ್ಷೆಯ ಜೊತೆಗೆ ಬೀಗ ಹಾಕಿದ ಮನೆಯ ಪರೀಕ್ಷೆಯೂ ಆಗುತ್ತದೆ. ಮಧ್ಯದಲ್ಲಿ ಗೃಹಪ್ರವೇಶ, ನಾಮಕರಣ ಅಂತ ಊರಿಗೆ ಓಡಿಬಂದರೆ ಲೆಕ್ಕ ಮತ್ತೆ ಒಂದರಿಂದ.

ಮೊದಲ ವಾರ ಚೆನ್ನಾಗಿರುತ್ತದೆ. ಅರಮನೆ ನೋಡಿದ್ದಾಯಿತು, ಬೆಟ್ಟ ಹತ್ತಿದ್ದಾಯಿತು. ಒಂಬತ್ತು-ಹತ್ತನೇ ದಿನದ ಸುಮಾರಿಗೆ ನೋಡುವುದೆಲ್ಲ ಮುಗಿದು, ಬೆಳಗಿನ ತಿಂಡಿ ಆದಮೇಲೆ ಏನು ಮಾಡುವುದು ಅನ್ನುವ ಪ್ರಶ್ನೆ ಎದುರಿಗೆ ಬಂದು ಕೂರುತ್ತದೆ. ಅಲ್ಲಿಂದ 21ರವರೆಗೆ ಹೇಗೆ ಕಳೆದಿರಿ ಅನ್ನುವುದೇ ನಿಜವಾದ ಫಲಿತಾಂಶ. ಒಂದು ನೋಟ್‌ಬುಕ್ಕಿನಲ್ಲಿ ದಿನದ ಖರ್ಚು, ನಿದ್ದೆ, ಮೊಣಕಾಲು, ಹೊಟ್ಟೆ ನಾಲ್ಕನ್ನೂ ಬರೆದಿಡಿ. ಮುಂದಿನ ಊರಿನಲ್ಲಿ ಮನೆ ಹುಡುಕುವಾಗ ನೆಲಮಹಡಿಯೇ ಬೇಕೋ, ಕಮೋಡ್ ಬೇಕೋ, ಬಸ್ ಸ್ಟ್ಯಾಂಡ್ ಎಷ್ಟು ದೂರ ಇರಬೇಕು ಅನ್ನುವುದಕ್ಕೆ ಇದೇ ಉತ್ತರ.

ಮನೆ ಮಾರಿ ಆ ದುಡ್ಡಿನಲ್ಲಿ ತಿರುಗೋಣ ಅನ್ನುವವರಿದ್ದಾರೆ. ಕನಿಷ್ಠ ಎರಡು ವರ್ಷ ಆ ಮಾತು ಎತ್ತಬೇಡಿ. ಇಡೀ ಮನೆಯನ್ನು 11 ತಿಂಗಳ ಕರಾರಿಗೆ ಕೊಟ್ಟರೂ ಅದೇ ಕಷ್ಟ, ಐದನೇ ತಿಂಗಳಿಗೆ ಸೊಂಟ ಹಿಡಿದರೆ ಬಂದು ಮಲಗಲು ಜಾಗ ಇರುವುದಿಲ್ಲ. ಔಟ್‌ಹೌಸ್ ಅಥವಾ ಮೇಲಿನ ಭಾಗ ಮಾತ್ರ ಬಾಡಿಗೆಗೆ ಕೊಟ್ಟು ಕೆಳಗಿನದು ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಬಾಡಿಗೆ ಕಡಿಮೆ ಬಂದರೂ ಮನೆಯಲ್ಲಿ ದೀಪ ಉರಿಯುತ್ತದೆ.

ವರ್ಷದ ಲೆಕ್ಕ

ಕ್ಯಾಲೆಂಡರ್ ತೆಗೆದು, ಹೋಗುವ ದಿನಗಳನ್ನಲ್ಲ, ಮನೆಯಲ್ಲಿ ಇರಲೇಬೇಕಾದ ದಿನಗಳನ್ನು ಮೊದಲು ಗುರುತು ಹಾಕಿ. ದೀಪಾವಳಿಯ ಹಿಂದುಮುಂದು ಒಂದು: ಹಾಸನಾಂಬೆಯ ಬಾಗಿಲು ತೆರೆದಿರುತ್ತದೆ, ಮಕ್ಕಳು ಊರಿಗೆ ಬರುತ್ತಾರೆ, ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಬೇಕಾದ ನವೆಂಬರ್ ಕೂಡ ಅಲ್ಲೇ ಬರುತ್ತದೆ. ಯುಗಾದಿಯಿಂದ ಮೇ ಮಧ್ಯದವರೆಗೆ ಇನ್ನೊಂದು: ನಗರಸಭೆಯ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ, ಮಳೆಗೆ ಮುಂಚೆ ಸೂರು ರಿಪೇರಿ, ಜೊತೆಗೆ ದೇಶವೆಲ್ಲ ಬೇಯುವಾಗ ಚಿಕ್ಕಮಗಳೂರು ಬಿಟ್ಟು ಬೇರೆ ಕಡೆ ಹೋಗುವುದರಲ್ಲಿ ಅರ್ಥವಿಲ್ಲ. ಬೇರೆಯವರು ದುಡ್ಡು ಕೊಟ್ಟು ಇಲ್ಲಿಗೆ ಬರುವ ಕಾಲ ಅದು.

ಉಳಿದ ತಿಂಗಳುಗಳನ್ನು ಮಳೆ ನೋಡಿ ಹಂಚಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಲಡಾಖ್, ಸ್ಪಿತಿಯಂಥ ಮಳೆ ನೆರಳಿನ ಜಾಗಗಳು ತೆರೆದಿರುತ್ತವೆ. ಅಷ್ಟು ಎತ್ತರ ಬೇಡವಾದರೆ ಕೊಯಮತ್ತೂರು ಕಡೆ ಹೋಗಬಹುದು. ಅಕ್ಟೋಬರ್–ಡಿಸೆಂಬರ್‌ನಲ್ಲಿ ಹಿಂಗಾರು ತಮಿಳುನಾಡಿನ ಕರಾವಳಿಯನ್ನು ನೆನೆಸುತ್ತದೆ, ಆಗ ಆ ಕಡೆ ಬೇಡ. ದೀಪಾವಳಿ ಮುಗಿಸಿ ಹೊರಟರೆ ಫೆಬ್ರವರಿವರೆಗೆ ಗುಜರಾತ್, ರಾಜಸ್ಥಾನ, ನರ್ಮದೆಯ ದಂಡೆಯ ಮಹೇಶ್ವರ, ನಮ್ಮದೇ ಬಾದಾಮಿ-ಹಂಪಿ. ಕಾಶಿ, ಅಯೋಧ್ಯೆ, ಪ್ರಯಾಗದ ಕಡೆ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡ. ಪ್ಲಾಟ್‌ಫಾರ್ಮಿನ ಚಳಿಯಲ್ಲಿ ರಾತ್ರಿ ಕಳೆಯುವ ವಯಸ್ಸಲ್ಲ, ಫೆಬ್ರವರಿಗೆ ಹಾಕಿಕೊಳ್ಳಿ.

ತೋಟ ಇರುವವರಿಗೆ ಈ ಲೆಕ್ಕ ಬೇರೆ. ನವೆಂಬರ್‌ನಿಂದ ಜನವರಿ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ, ಮೆಣಸು, ಫೆಬ್ರವರಿ-ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ನೀರು. ಈ ಐದು ತಿಂಗಳು ಯಜಮಾನ ಇಲ್ಲದ ತೋಟದಲ್ಲಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಮಳೆಗೆ ಮುಂಚಿನ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪಡಣೆ ಮುಗಿಸಿ ಜುಲೈ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ ಎರಡೂವರೆ ತಿಂಗಳು ಸಿಗುತ್ತದೆ. ಪೂರ್ತಿ ಅಲೆಮಾರಿ ಬದುಕು ಬೇಕೆಂದರೆ ತೋಟ ಗುತ್ತಿಗೆಗೆ ಕೊಡಬೇಕು. ಎರಡನ್ನೂ ಇಟ್ಟುಕೊಳ್ಳುತ್ತೇನೆ ಅನ್ನುವವರು ಕೊನೆಗೆ ಎರಡೂ ಕಡೆ ಫೋನಿನಲ್ಲೇ ಇರುತ್ತಾರೆ.

ದುಡ್ಡು

ತಿಂಗಳಿಗೆ 50,000 ಅಂತ ಇಟ್ಟುಕೊಂಡು ಹಂಚಿ ನೋಡೋಣ: ಬಾಡಿಗೆ 15,000, ಊಟತಿಂಡಿ 10,000, ಊರೊಳಗಿನ ಓಡಾಟ 4,000, ಊರಿಂದೂರಿಗೆ ಪ್ರಯಾಣ 6,000, ಔಷಧಿ-ಡಾಕ್ಟರ್ 5,000, ಬಿಟ್ಟುಬಂದ ಮನೆಯ ಖರ್ಚು 5,000, ಕೈಗೆ ಮಿಕ್ಕದ ಚಿಲ್ಲರೆ 5,000. ಎಲ್ಲರೂ ಮರೆಯುವುದು ಆರನೆಯದನ್ನು. ಬೀಗ ಹಾಕಿದರೂ ಚೆಸ್ಕಾಂ, ಮೆಸ್ಕಾಂ ಬಿಲ್ಲು, ನೀರಿನ ಕಂದಾಯ, ಅಂಗಳ ಗುಡಿಸುವವರ ಸಂಬಳ ನಿಲ್ಲುವುದಿಲ್ಲ. ದಿನಕ್ಕೆ 1,500ರ ರೂಮಿನಲ್ಲಿ ತಿಂಗಳಿದ್ದರೆ 45,000 ಅಲ್ಲೇ ಮುಗಿಯಿತು. ತಿಂಗಳ ಬಾಡಿಗೆಗೆ ಮಾತಾಡುವುದು ಅದಕ್ಕೇ. ಮೊದಲ 3 ದಿನ ರೂಮಿನಲ್ಲಿ ಇಳಿದು, ಕಾಲ್ನಡಿಗೆಯಲ್ಲಿ ಓಣಿ ಸುತ್ತಿ, ನೀರು ಬರುವ ಹೊತ್ತು ಕೇಳಿಕೊಂಡು ಮನೆ ಗೊತ್ತುಮಾಡಿ. ಫೋಟೋ ನೋಡಿ ತಿಂಗಳ ಮುಂಗಡ ಕಳಿಸಬೇಡಿ.

ಪಿಂಚಣಿ ಸಾಲದಿದ್ದರೆ ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆ ತಿರುಗಾಡುವವರಿಗೆ ಚೆನ್ನಾಗಿ ಒಗ್ಗುತ್ತದೆ. ಒಬ್ಬರಿಗೆ 30 ಲಕ್ಷದವರೆಗೆ, 5 ವರ್ಷ. 8.2% ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ತಾನಾಗಿ ಖಾತೆಗೆ ಬೀಳುತ್ತದೆ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ನೀವು ಇಟ್ಟ ದಿನದ ದರ ಐದು ವರ್ಷಕ್ಕೂ ಗಟ್ಟಿ. ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಮೊದಲಿಗೆ ಬರುವುದರಿಂದ ದೊಡ್ಡ ಪ್ರಯಾಣವನ್ನು ಆ ತಿಂಗಳುಗಳಿಗೆ ಹೊಂದಿಸಿಕೊಳ್ಳಬಹುದು.

ಇಬ್ಬರ ಹೆಸರಲ್ಲೂ ಒಂದು ಜಂಟಿ ಖಾತೆ ಇರಲಿ, 'ಇಬ್ಬರಲ್ಲಿ ಯಾರಾದರೂ' ನಡೆಸಬಹುದಾದ ಥರದ್ದು. ಅದರ ಜೊತೆ ಬೇರೆ ಬ್ಯಾಂಕಿನಲ್ಲಿ ಇನ್ನೊಂದು. ಯಜಮಾನರ ಫೋನಿನಲ್ಲಿ ಒಂದು ಬ್ಯಾಂಕಿನ ಯುಪಿಐ, ಯಜಮಾನಿಯ ಫೋನಿನಲ್ಲಿ ಇನ್ನೊಂದರದ್ದು. ಸಿಮ್ ಕೂಡ ಬೇರೆ ಬೇರೆ ಕಂಪನಿಯದು. ಒಂದೇ ಫೋನಿನಲ್ಲಿ ಎಲ್ಲ ಇಟ್ಟುಕೊಂಡು ಅದು ರೈಲಿನಲ್ಲಿ ಕಳೆದರೆ ಓಟಿಪಿ ಬರುವುದಿಲ್ಲ, ಓಟಿಪಿ ಇಲ್ಲದೆ ದುಡ್ಡಿಲ್ಲ, ಹೊಸ ಸಿಮ್ ಕೊಳ್ಳಲೂ ದುಡ್ಡು ಬೇಕು. ದೊಡ್ಡ ಮೊತ್ತ ಇರುವ ಖಾತೆಗೆ ಯುಪಿಐ ಜೋಡಿಸಲೇಬೇಡಿ. ಮೋಸ ಆಗಿದೆ ಅನ್ನಿಸಿದ ಕ್ಷಣವೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇವೆಲ್ಲ ಬಿಟ್ಟು, ಎಲ್ಲಿಂದಾದರೂ ಮರುದಿನವೇ ಇಬ್ಬರೂ ಹಾರಿ ಬರುವಷ್ಟು ಹಣ ಮುಟ್ಟದೆ ಇರಲಿ. ನಮ್ಮ ಕಡೆಗೆ ವಿಮಾನ ಇಳಿಯುವುದು ಬೆಂಗಳೂರು, ಮಂಗಳೂರಿನಲ್ಲಿ; ಚಿಕ್ಕಮಗಳೂರಿನವರಿಗೆ 2023ರಿಂದ ಶಿವಮೊಗ್ಗ ಕೂಡ. ಹಾಸನದ ವಿಮಾನ ನಿಲ್ದಾಣ ಈಗ ಆಗುತ್ತೆ ಆಗ ಆಗುತ್ತೆ ಅಂತ ಕೇಳುತ್ತಲೇ ನಿವೃತ್ತರಾದವರು ಬೇಕಾದಷ್ಟಿದ್ದಾರೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಾಗದಪತ್ರ

ಪಿಂಚಣಿ ಆದೇಶ ಪತ್ರದಲ್ಲಿ, ಅಂದರೆ ಪಿಪಿಒದಲ್ಲಿ, ಹೆಂಡತಿ ಅಥವಾ ಗಂಡನ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇರುವ ಹಾಗೇ ಇದೆಯೇ ಅಂತ ಮೊದಲು ನೋಡಿ. 'ಲಕ್ಷ್ಮಮ್ಮ' ಒಂದು ಕಡೆ, 'ಲಕ್ಷ್ಮೀದೇವಿ' ಇನ್ನೊಂದು ಕಡೆ ಇದ್ದರೆ ಕುಟುಂಬ ಪಿಂಚಣಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳಬಹುದು. ಇಬ್ಬರೂ ಎದುರಿಗಿರುವಾಗ ತಿದ್ದಿಸುವುದು ಸುಲಭ.

ಜೀವಿತ ಪ್ರಮಾಣಪತ್ರವನ್ನು ಈಗ ಫೋನಿನಲ್ಲೇ ಕೊಡಬಹುದು. 'ಆಧಾರ್ ಫೇಸ್ ಆರ್‌ಡಿ', 'ಜೀವನ್ ಪ್ರಮಾಣ್' ಎರಡೂ ಆ್ಯಪ್ ಹಾಕಿಕೊಂಡು, ಬೆಳಕು ಮುಖಕ್ಕೆ ಬೀಳುವ ಹಾಗೆ ಕೂತು, ಕಣ್ಣು ಮಿಟುಕಿಸಿದರೆ ಆಯಿತು. ತೋಟದ ಕೆಲಸದಲ್ಲಿ ಬೆರಳ ಗೆರೆ ಸವೆದವರಿಗೆ ಹೆಬ್ಬೆಟ್ಟಿಗಿಂತ ಇದು ವಾಸಿ. ಎಡವುವುದು ಇಲ್ಲಿ: ಪ್ರಮಾಣ್ ಐಡಿ ಬಂತು ಅಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಪಿಪಿಒ ನಂಬರ್ ಅಥವಾ ಪಿಂಚಣಿ ಕೊಡುವ ಕಚೇರಿಯನ್ನು ತಪ್ಪಾಗಿ ಆರಿಸಿದ್ದರೆ ಐಡಿ ಬಂದ ಮೇಲೂ ಅದು ತಿರಸ್ಕಾರ ಆಗುತ್ತದೆ. ಸ್ವೀಕಾರ ಆಯಿತೇ ಅಂತ ನೋಡಿಕೊಳ್ಳಿ. ಮೊದಲ ವರ್ಷ ಮಾತ್ರ ಬ್ಯಾಂಕಿಗೇ ಹೋಗಿ ಕೊಟ್ಟು ಎಲ್ಲ ವಿವರ ತಾಳೆ ಹಾಕಿಸಿ. ಭವಿಷ್ಯ ನಿಧಿಯ ಇಪಿಎಸ್-95 ಪಿಂಚಣಿಯವರಿಗೆ ನವೆಂಬರ್‌ನ ಕಟ್ಟಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ.

ಆಧಾರ್ ವಿಳಾಸವನ್ನು ಯಾವ ಕಾರಣಕ್ಕೂ ಹೊರರಾಜ್ಯಕ್ಕೆ ಬದಲಿಸಬೇಡಿ. ಶಕ್ತಿ ಯೋಜನೆಯಲ್ಲಿ ಹೆಂಗಸರ ಉಚಿತ ಬಸ್ ಪ್ರಯಾಣ, ಗೃಹಜ್ಯೋತಿ ಎಲ್ಲಕ್ಕೂ ಕರ್ನಾಟಕದ ವಿಳಾಸವೇ ಆಧಾರ. ಮತದಾರರ ಪಟ್ಟಿ ಪರಿಷ್ಕರಣೆಗೆ ಬಂದವರಿಗೆ ಮನೆ ಬೀಗ ಹಾಕಿರುವುದು ಕಂಡರೆ 'ಊರು ಬಿಟ್ಟಿದ್ದಾರೆ' ಅಂತ ಬರೆದುಕೊಂಡು ಹೋಗುವ ಸಂಭವ ಇದೆ. ಬೀಗದ ಕೈ ಇರುವವರಿಗೆ ಈ ವಿಷಯ ತಿಳಿದಿರಲಿ.

ಯಾರೂ ಮಾತಾಡಲು ಬಯಸದ ಒಂದು ಸಂಗತಿ. ಮರಣವನ್ನು ನೋಂದಾಯಿಸುವುದು ಅದು ಆದ ಊರಿನಲ್ಲಿ, 21 ದಿನದೊಳಗೆ. ಸೂರತ್‌ನಲ್ಲಿ ಆದದ್ದಕ್ಕೆ ಹಾಸನದ ನಗರಸಭೆ ಪತ್ರ ಕೊಡುವುದಿಲ್ಲ. ಅಲ್ಲಿಂದ ಹೊರಡುವ ಮುಂಚೆಯೇ ನೋಂದಣಿ ಮಾಡಿಸಿ, ಹೆಸರಿನ ಅಕ್ಷರ ಪಿಪಿಒ ಜೊತೆ ತಾಳೆ ನೋಡಿ, ಐದಾರು ಪ್ರತಿ ತೆಗೆದುಕೊಳ್ಳಬೇಕು ಅನ್ನುವುದು ಇಬ್ಬರಿಗೂ, ಮಕ್ಕಳಿಗೂ ಗೊತ್ತಿರಲಿ. ಉಯಿಲು ಬರೆದಿಡಿ. ಜೀವರಕ್ಷಕ ಯಂತ್ರಗಳು ಎಷ್ಟರಮಟ್ಟಿಗೆ ಬೇಕು ಅನ್ನುವ ಮುಂಗಡ ವೈದ್ಯಕೀಯ ನಿರ್ದೇಶನವನ್ನೂ, ಸುಪ್ರೀಂ ಕೋರ್ಟ್ 2023ರಲ್ಲಿ ಸರಳಗೊಳಿಸಿದ ಪ್ರಕಾರ, ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಮುಂದೆ ಮಾಡಿಸಬಹುದು.

ಆರೋಗ್ಯ

ವಿಮೆಯನ್ನು ನಿವೃತ್ತಿಯಾದ ದಿನ ಹುಡುಕಲು ಹೊರಟರೆ ತಡವಾಯಿತು. ಮೊದಲೇ ಇರುವ ಸಕ್ಕರೆ, ಬಿಪಿ, ಹೃದಯದ ತೊಂದರೆಗಳಿಗೆ ಕಂಪನಿಗಳು ಗರಿಷ್ಠ 3 ವರ್ಷದವರೆಗೆ ಕಾಯುವ ಅವಧಿ ಇಡಬಹುದು. 57ಕ್ಕೆ ತೆಗೆದುಕೊಂಡರೆ 60ಕ್ಕೆ ಹೊರಡುವ ಹೊತ್ತಿಗೆ ಅದು ಕಳೆದಿರುತ್ತದೆ. 2024ರಿಂದ 65 ದಾಟಿದವರಿಗೂ ಹೊಸ ಪಾಲಿಸಿ ಕೊಡಲು ಅಡ್ಡಿಯಿಲ್ಲ, ಪ್ರೀಮಿಯಂ ಮಾತ್ರ ಕಣ್ಣಲ್ಲಿ ನೀರು ಬರಿಸುತ್ತದೆ. ರೂಮ್ ಬಾಡಿಗೆಗೆ ಮಿತಿ ಇದೆಯೇ, ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟು ಶೇಕಡಾ, ಎರಡನ್ನು ಓದಿ ಸಹಿ ಹಾಕಿ. ಮಿತಿ 4,000 ಇದ್ದು ನೀವು 8,000ದ ರೂಮಿನಲ್ಲಿ ಮಲಗಿದರೆ ರೂಮಿನ ವ್ಯತ್ಯಾಸ ಮಾತ್ರವಲ್ಲ, ಡಾಕ್ಟರ್ ಫೀಸು, ಆಪರೇಷನ್ ಖರ್ಚಿನಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳಬಹುದು.

ಊರು ಆರಿಸುವಾಗ ರಾತ್ರಿ ತುರ್ತು ಚಿಕಿತ್ಸೆ ಇರುವ, ನಿಮ್ಮ ಪಾಲಿಸಿ ನಡೆಯುವ ಆಸ್ಪತ್ರೆ ಅರ್ಧ ಗಂಟೆಯ ದಾರಿಯಲ್ಲಿ ಇರಲಿ. ಹೋದ ಎರಡನೇ ದಿನವೇ ಆಟೋದಲ್ಲಿ ಹೋಗಿ ಬಾಗಿಲು ನೋಡಿಬನ್ನಿ. ಮಧ್ಯರಾತ್ರಿ ದಾರಿ ಹುಡುಕುವುದು ಬೇಡ.

ಮಾತ್ರೆಗಳನ್ನು 45 ದಿನಕ್ಕಾಗುವಷ್ಟು, ಸ್ಟ್ರಿಪ್ ಸಮೇತ ಇಟ್ಟುಕೊಳ್ಳಿ. ಬಿಡಿಸಿ ಡಬ್ಬಿಗೆ ಹಾಕಿದರೆ ಹೊರಗಿನ ಡಾಕ್ಟರಿಗೆ ಅದು ಯಾವುದೆಂದು ಗೊತ್ತಾಗುವುದಿಲ್ಲ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಜನೌಷಧಿ ಅಂಗಡಿಯಲ್ಲಿ ಕೇಳಬೇಕಾದ್ದು ಅದನ್ನೇ. ಅರ್ಧ ಅವನ ಚೀಲದಲ್ಲಿ, ಅರ್ಧ ಅವಳ ಚೀಲದಲ್ಲಿ. ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೂ ಕೆಟ್ಟಿತು, ಲೇಹ್‌ನ ಚಳಿಯಲ್ಲಿ ಹೆಪ್ಪುಗಟ್ಟಿದರೂ ಕೆಟ್ಟಿತು. ವಿಮಾನದಲ್ಲಿ ಕೈಚೀಲದಲ್ಲೇ ಇರಲಿ. ಹಲ್ಲಿನ ಕೆಲಸ ಮುಗಿಸಿ ಹೊರಡಿ. ಕಣ್ಣಿನ ಪೊರೆ ತೆಗೆಸುವುದಿದ್ದರೆ ಹೊರಡುವ 2 ತಿಂಗಳು ಮುಂಚೆ.

ಹಾಸನ, ಚಿಕ್ಕಮಗಳೂರು ಇರುವುದು ಸುಮಾರು 1,000 ಮೀಟರ್ ಎತ್ತರದಲ್ಲಿ. ಲೇಹ್ 3,500. ಮುಳ್ಳಯ್ಯನಗಿರಿ ಹತ್ತಿದ್ದೇವೆ ಅನ್ನುವ ಧೈರ್ಯ ಅಲ್ಲಿ ನಡೆಯುವುದಿಲ್ಲ. ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ರೂಮಿನಲ್ಲೇ ಇರಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವಿನ ಜೊತೆ ತೂರಾಡುವಿಕೆ, ಕೂತಲ್ಲೇ ಏದುಸಿರು ಕಂಡರೆ ಬೆಳಗಾಗಲಿ ಅಂತ ಕಾಯದೆ ಕೆಳಗಿಳಿಯಬೇಕು.

ಮನೆಯನ್ನು ಮಲಗಿಸಿ ಹೋಗುವುದು

ಬೀಗದ ಕೈ ಕೊಡುವುದು ಉಪಕಾರದ ಲೆಕ್ಕದಲ್ಲಿ ಬೇಡ. ಉಪಕಾರ ಎರಡನೇ ತಿಂಗಳಿಗೆ ಸುಸ್ತಾಗುತ್ತದೆ. ವಾರಕ್ಕೆ ಒಂದು ದಿನ, ಅರ್ಧ ಗಂಟೆ, ತಿಂಗಳಿಗೆ ಇಷ್ಟು ಅಂತ ಗೊತ್ತುಮಾಡಿ ಕೊಡಿ. 'ಎಲ್ಲ ಸರಿ ಇದೆ ಅಣ್ಣ' ಅನ್ನುವ ಮಾತಿಗಿಂತ ಒಳಗೆ ನಡೆಯುತ್ತಾ ಮಾಡಿದ ವಿಡಿಯೋ ಕಾಲ್ ಮೇಲು. ಸೂರಿನ ಮೂಲೆ, ಸಿಂಕಿನ ಕೆಳಗೆ, ಬೀರುವಿನ ಹಿಂದೆ ತೋರಿಸಲು ಹೇಳಿ. ಎಲೆಕ್ಟ್ರಿಷಿಯನ್, ಪ್ಲಂಬರ್ ನಂಬರ್ ಅವರ ಹತ್ತಿರ ಇರಲಿ, 3,000 ರೂಪಾಯಿವರೆಗಿನ ರಿಪೇರಿಗೆ ನಿಮ್ಮನ್ನು ಕೇಳಬೇಕಾಗಿಲ್ಲ ಅಂತ ಹೇಳಿರಿ. ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ.

ನಮ್ಮ ಕಡೆಯ ದೊಡ್ಡ ಶತ್ರು ಕಳ್ಳನಲ್ಲ, ಬೂಷ್ಟು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಳೆಯಲ್ಲಿ ಗಾಳಿಯೇ ಒದ್ದೆ, ಮುಚ್ಚಿದ ಕೋಣೆಯಲ್ಲಿ ಅದು ಗೋಡೆಗೂ ಬಟ್ಟೆಗೂ ಇಳಿಯುತ್ತದೆ. ಬೂಷ್ಟಿಗೆ ಊಟ ಬೇಕು: ಗಂಜಿ ಹಾಕಿದ ಹತ್ತಿ ಸೀರೆ, ಚರ್ಮದ ಚಪ್ಪಲಿ, ಪುಸ್ತಕದ ರಟ್ಟು, ಎಣ್ಣೆ ಕೈ ತಾಗಿದ ಮರ. ಹೊರಡುವ ಮುಂಚೆ ಸೀರೆಗಳ ಗಂಜಿ ತೆಗೆದು, ಬಿಸಿಲಿಗೆ ಹಾಕಿ, ಒಗೆದ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ತೇವ ಒಳಗೇ ಉಳಿಯುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು, ಜರಿ ಕಪ್ಪಾಗುತ್ತದೆ. ಬೀರುವಿನ ಬಾಗಿಲು ಎರಡು ಬೆರಳು ತೆರೆದೇ ಇರಲಿ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಪೊಟ್ಟಣ ತೂಗುಹಾಕಿದರೆ ತಿಂಗಳಲ್ಲಿ ಕೆಳಗೆ ನೀರು ತುಂಬುತ್ತದೆ. ಅದು ಬಟ್ಟೆಗೆ ಸೋರದ ಹಾಗೆ ಬೇರೆ ಖಾನೆಯಲ್ಲಿರಲಿ, ಬದಲಿಸುವವರೂ ಇರಬೇಕು. ಹಾಸಿಗೆಯನ್ನು ಗೋಡೆಗೆ ತಾಗಿಸದೆ ನಿಲ್ಲಿಸಿ. ಕಿಟಕಿ ತೆಗೆಯುವುದು ಬಿಸಿಲಿದ್ದ ದಿನ 11ರಿಂದ 3ರ ಒಳಗೆ ಮಾತ್ರ. ಮಳೆ ಸುರಿಯುವಾಗ 'ಗಾಳಿಯಾಡಲಿ' ಅಂತ ತೆಗೆದರೆ ತೇವವನ್ನು ಕರೆದು ಕೂರಿಸಿದ ಹಾಗೆ.

ಹೆಂಚಿನ ಮನೆಯಾದರೆ ಮೇ ತಿಂಗಳಲ್ಲೇ ಒಡೆದ ಹೆಂಚು ಬದಲಿಸಿ, ಎರಡು ಇಳಿಜಾರು ಕೂಡುವ ದೋಣಿಯ ತರಗೆಲೆ ತೆಗೆಸಿ, ಸೂರಿನ ಮೇಲೆ ಬಾಗಿದ ಹಲಸಿನ ಕೊಂಬೆ ಕಡಿಸಿ. ತಾರಸಿ ಮನೆಯಲ್ಲಿ ನೀರು ಹೋಗುವ ತೂತಿಗೆ ಒಂದು ಮುಷ್ಟಿ ಎಲೆ ಸಿಕ್ಕಿಕೊಂಡರೆ ಸಾಕು, ನಿಂತ ನೀರು ಚಾವಣಿ ಇಳಿಯುತ್ತದೆ.

ಹೊರಡುವ ದಿನ ಗ್ಯಾಸ್ ರೆಗ್ಯುಲೇಟರ್ ತೆಗೆದು ಕ್ಯಾಪ್ ಹಾಕಿ. ಫ್ರಿಜ್ ಖಾಲಿ ಮಾಡಿ, ಒರೆಸಿ, ಬಾಗಿಲಿಗೆ ಸುತ್ತಿದ ಬಟ್ಟೆ ಸಿಕ್ಕಿಸಿ ತೆರೆದಿಡಿ. ಟ್ಯಾಂಕಿನಿಂದ ಮನೆಗೆ ಬರುವ ವಾಲ್ವ್ ತಿರುಗಿಸಿ ನಿಲ್ಲಿಸಿ. ಬಚ್ಚಲು, ಸಿಂಕು, ಕಮೋಡ್‌ಗಳಲ್ಲಿ ನಿಂತ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕಿ. ನೀರು ಆರಿದರೆ ಚರಂಡಿಯ ವಾಸನೆ, ಜಿರಲೆ ಎರಡೂ ಮೇಲೆ ಬರುತ್ತವೆ, ಎಣ್ಣೆ ಆರುವುದನ್ನು ನಿಧಾನ ಮಾಡುತ್ತದೆ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸಿ ಚಾರ್ಜಿಂಗ್‌ನಲ್ಲೇ ಬಿಡಿ. ಚಾರ್ಜ್ ಇಲ್ಲದೆ ಮೂರು ತಿಂಗಳು ಬಿದ್ದ ಬ್ಯಾಟರಿ ಮತ್ತೆ ಏಳುವುದು ಕಷ್ಟ.

ಗಾಜಿನ ಕೊಳವೆಯ ಸೋಲಾರ್ ಇದ್ದರೆ ಅದರ ನೀರು ಖಾಲಿ ಮಾಡಬೇಡಿ. ಖಾಲಿ ಕೊಳವೆ ಬಿಸಿಲಿಗೆ ವಿಪರೀತ ಕಾದಿರುತ್ತದೆ, ಆಮೇಲೆ ತಣ್ಣೀರು ನುಗ್ಗಿದೊಡನೆ ಚಟ್ಟನೆ ಸೀಳುತ್ತದೆ. ತುಂಬಿದ ಹಾಗೇ ಬಿಟ್ಟು ಮೇಲೆ ಟಾರ್ಪಾಲ್ ಹೊದಿಸಿ ಕಟ್ಟಿ.

ಕಾರನ್ನು ಬಿಟ್ಟುಹೋಗುವುದಾದರೆ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಥಂಡಿಗೆ ಬ್ರೇಕ್ ಅಂಟಿಕೊಳ್ಳುತ್ತದೆ. ಗೇರ್‌ನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ತೆಗೆದುಕೊಂಡು ಹೋಗುವುದಾದರೆ ಒಂದೇ ಹೊರರಾಜ್ಯದಲ್ಲಿ 12 ತಿಂಗಳು ದಾಟಿಸಬೇಡಿ, ಅಲ್ಲಿನ ನೋಂದಣಿ ಮಾಡಿಸಬೇಕಾಗುತ್ತದೆ. ಊಟಿ, ಕೊಡೈಕೆನಾಲ್‌ಗೆ 2024ರಿಂದ ಇ-ಪಾಸ್ ಬೇಕು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ.

ರೈಲು, ಬಸ್ಸು

ದೂರದ ಪ್ರಯಾಣಕ್ಕೆ ಹಾಸನದವರು ಅರಸೀಕೆರೆಯನ್ನೂ, ಚಿಕ್ಕಮಗಳೂರಿನವರು ಕಡೂರು-ಬೀರೂರನ್ನೂ ನೋಡಬೇಕು. ಹುಬ್ಬಳ್ಳಿ ಕಡೆಯ ಮುಖ್ಯ ದಾರಿ ಅದು. ಟಿಕೆಟ್ 60 ದಿನ ಮುಂಚೆ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿರಿ, ಮೊದಲ ಹೊತ್ತಿನ ಟಿಕೆಟ್ ಜೋಡಿಸಿದವರಿಗೇ ಸಿಗುವುದು. ಹಿರಿಯರ ಟಿಕೆಟ್ ರಿಯಾಯಿತಿ 2020ರಲ್ಲಿ ನಿಂತದ್ದು ಮತ್ತೆ ಬಂದಿಲ್ಲ, ಆದರೆ ಕೆಳಗಿನ ಬರ್ತ್ ಕೋಟಾ ಇದೆ: ಗಂಡಸರಿಗೆ 60, ಹೆಂಗಸರಿಗೆ 45 ದಾಟಿರಬೇಕು, ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಹೆಚ್ಚು ಇರಬಾರದು. ಜೊತೆಗೆ ಮೊಮ್ಮಗನ ಹೆಸರು ಸೇರಿಸಿದಿರೋ ಕೋಟಾ ಹೋಯಿತು. ಅವನಿಗೆ ಬೇರೆ ಟಿಕೆಟ್ ಮಾಡಿ. ತತ್ಕಾಲ್‌ನಲ್ಲಿ ಈ ಕೋಟಾ ಇಲ್ಲ.

24 ಗಂಟೆ ಮೀರುವ ಪ್ರಯಾಣವನ್ನು ಮಧ್ಯೆ ಒಂದು ಊರಿನಲ್ಲಿ ಎರಡು ರಾತ್ರಿ ಇಳಿದು ಮುರಿಯಿರಿ. ರಾಜ್ಯದೊಳಗೆ ಕೆಎಸ್ಸಾರ್ಟಿಸಿಯಲ್ಲಿ 60 ದಾಟಿದ ಗಂಡಸರಿಗೆ 25% ರಿಯಾಯಿತಿ. ಹೆಂಗಸರ ಉಚಿತ ಪ್ರಯಾಣ ರಾಜ್ಯದ ಗಡಿಯೊಳಗಿನ ಸಾಮಾನ್ಯ, ವೇಗದೂತ ಬಸ್ಸುಗಳಿಗೆ ಮಾತ್ರ, ಐರಾವತಕ್ಕಿಲ್ಲ. ವಿದೇಶದ ಆಸೆಯಿದ್ದರೆ ಭೂತಾನ್‌ನಿಂದ ಶುರುಮಾಡಬಹುದು. ಮತದಾರರ ಚೀಟಿ ಸಾಕು, ಆದರೆ ಭಾರತೀಯರಿಗೂ ತಲೆಗೆ ರಾತ್ರಿಗೆ 1,200 ರೂಪಾಯಿ ಶುಲ್ಕ ಇದೆ, ತಿಂಗಳಿರುವ ಊರಲ್ಲ ಅದು.

ಸಾಮಾನು ಒಬ್ಬೊಬ್ಬರಿಗೆ 10 ಕೆಜಿ. ತಾನು ಎತ್ತಲಾರದ ಚೀಲ ಯಾರೂ ತರಬಾರದು.

ಅಡುಗೆ

ಮೂರು ಲೀಟರ್ ಕುಕ್ಕರ್, ಒಂದು ದೋಸೆ ಕಾವಲಿ, ಸಾರಿನ ಪುಡಿ, ಕಾಫಿ ಫಿಲ್ಟರ್. ಇಂಡಕ್ಷನ್ ಒಲೆ ಒಯ್ಯುವವರು ಒಂದು ನೆನಪಿಡಿ: 2,000 ವ್ಯಾಟ್ ಅಂದರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಂಚದ ಪಕ್ಕದ ಸಣ್ಣ 6 ಆಂಪಿಯರ್ ಪಾಯಿಂಟಿಗೆ ಸಿಕ್ಕಿಸಿದರೆ ಪ್ಲಗ್ ಕರಗುತ್ತದೆ. ಗೀಸರಿನ ದಪ್ಪ ಪಾಯಿಂಟ್ ಎಲ್ಲಿದೆ ನೋಡಿ, ಅಥವಾ 1,000 ವ್ಯಾಟ್‌ಗೆ ಇಳಿಸಿಕೊಳ್ಳಿ.

ಕಾಫಿ ಪುಡಿ ಕಿಲೋಗಟ್ಟಲೆ ಬೇಡ. ಬೀಸಿದ ಪುಡಿಯ ಘಮ ಎರಡು-ಮೂರು ವಾರಕ್ಕೆ ಇಳಿದುಹೋಗುತ್ತದೆ. 250 ಗ್ರಾಂ ಪೊಟ್ಟಣಗಳನ್ನು ಊರಿನ ಕಾಫಿ ಅಂಗಡಿಯಿಂದ ತಿಂಗಳಿಗೊಮ್ಮೆ ಸ್ಪೀಡ್ ಪೋಸ್ಟ್‌ನಲ್ಲಿ ತರಿಸಿಕೊಳ್ಳಿ. ಉತ್ತರದ ಗಡಸು ನೀರಿನಲ್ಲಿ ಡಿಕಾಕ್ಷನ್ ಸಪ್ಪೆಯಾಗಿ ಇಳಿದರೆ ಅದು ಪುಡಿಯ ತಪ್ಪಲ್ಲ. ಶುದ್ಧೀಕರಿಸಿದ ನೀರು ಹಾಕಿ ನೋಡಿ. ಫಿಲ್ಟರ್ ತೂತುಗಳಿಗೆ ಸುಣ್ಣ ಕಟ್ಟುತ್ತದೆ, ವಾರಕ್ಕೊಮ್ಮೆ ಹುಣಸೆಹುಳಿಯಲ್ಲಿ ನೆನೆಸಿ ತೊಳೆಯಿರಿ. ರಾಗಿ ಹಿಟ್ಟು ಕರಾವಳಿಯ ಸೆಕೆಯಲ್ಲಿ ತಿಂಗಳಿಗೆ ಹುಳ ಹಿಡಿಯುತ್ತದೆ, ಎರಡು ಕೆಜಿಗಿಂತ ಹೆಚ್ಚು ಒಯ್ಯಬೇಡಿ.

ಇಬ್ಬರ ನಡುವೆ

ಮೂವತ್ತೈದು ವರ್ಷ ಬೆಳಿಗ್ಗೆ ಮತ್ತು ರಾತ್ರಿ ಮಾತ್ರ ನೋಡಿಕೊಂಡವರು ಈಗ ಇಡೀ ದಿನ ಒಂದೇ ಕೋಣೆಯಲ್ಲಿ. ಎರಡು ಕೋಣೆಯ ಮನೆಗೆ ಎರಡು ಸಾವಿರ ಹೆಚ್ಚು ಕೊಡಬೇಕಾದರೆ ಕೊಡಿ, ಇಡೀ ಬಜೆಟ್‌ನಲ್ಲಿ ಅದಕ್ಕಿಂತ ಸಾರ್ಥಕ ಖರ್ಚಿಲ್ಲ. ಬೆಳಿಗ್ಗೆ 10ರಿಂದ 1 ಅವರವರ ಹೊತ್ತು ಅಂತ ಮಾಡಿಕೊಳ್ಳಿ: ಒಬ್ಬರು ಗ್ರಂಥಾಲಯಕ್ಕೋ ದೇವಸ್ಥಾನಕ್ಕೋ ಹೋಗಲಿ, ಇನ್ನೊಬ್ಬರು ಮನೆಯಲ್ಲಿರಲಿ. ವಾರಕ್ಕೆ ಮೂರು ದಿನ ಅಡುಗೆ ಗಂಡನದು. ಹೆಂಡತಿಗೆ ಊರು ಬದಲಾಗಿ ಒಲೆ ಮಾತ್ರ ಬದಲಾಗದಿದ್ದರೆ ಅವರ ಪಾಲಿಗೆ ನಿವೃತ್ತಿ ಇನ್ನೂ ಆಗಿಲ್ಲ ಅಂತ ಅರ್ಥ. ಮುಂದಿನ ಊರನ್ನು ಸರದಿಯ ಮೇಲೆ ಆರಿಸಿ, ಒಂದು ಅವರದು, ಒಂದು ಇವರದು. ಇಬ್ಬರಲ್ಲಿ ಯಾರು 'ಸಾಕು, ಊರಿಗೆ ಹೋಗೋಣ' ಅಂದರೂ ಕಾರಣ ಕೇಳದೆ ಟಿಕೆಟ್ ಮಾಡಿಸಬೇಕು ಅನ್ನುವ ಕರಾರು ಹೊರಡುವ ಮುಂಚೆಯೇ ಆಗಿರಲಿ. ಪರಊರಿನಲ್ಲಿ ಹಿರಿಯರಿಗೆ ತೊಂದರೆಯಾದರೆ ಸಹಾಯವಾಣಿ 14567, ತುರ್ತಿಗೆ 112, ರೈಲಿನಲ್ಲಿ 139. ಮೂರನ್ನೂ ಇಬ್ಬರ ಫೋನಿನಲ್ಲೂ ಹಾಕಿಡಿ.

ವಾಪಸ್ ಬಂದಾಗ

ಬೆಳಕಿರುವಾಗಲೇ ಮನೆ ಸೇರುವ ಹಾಗೆ ಬನ್ನಿ. ಬಾಗಿಲು ತೆಗೆದೊಡನೆ ಸ್ವಿಚ್ ಮುಟ್ಟಬೇಡಿ. ಕಿಟಕಿಗಳನ್ನೆಲ್ಲ ತೆಗೆದು, ಗ್ಯಾಸ್ ವಾಸನೆ ಇಲ್ಲ ಅಂತ ಖಾತ್ರಿಯಾದ ಮೇಲೆ ದೀಪ ಹಾಕಿ. ಟ್ಯಾಂಕಿನ ಹಳೇ ನೀರು ಬಿಟ್ಟು ತೊಳೆಸುವವರೆಗೆ ಕುಡಿಯಲು ಬೇಡ. ಸೋಲಾರ್‌ನ ಟಾರ್ಪಾಲ್ ತೆಗೆಯುವ ಮುಂಚೆ ನೀರು ತುಂಬಿದೆಯೇ ನೋಡಿ; ಕಡಿಮೆಯಾಗಿದ್ದರೆ ಮರುದಿನ ಬೆಳಿಗ್ಗೆ ಸೂರ್ಯ ಏರುವ ಮುಂಚೆ ತುಂಬಿಸಿ, ಮಧ್ಯಾಹ್ನ ಅಲ್ಲ. ಜಗಲಿಯಲ್ಲಿಟ್ಟ ಚಪ್ಪಲಿ, ಬೂಟು, ಕಟ್ಟಿಗೆ ರಾಶಿಯನ್ನು ಕೋಲಿನಿಂದ ಅಲುಗಾಡಿಸಿದ ಮೇಲೆ ಕೈ ಹಾಕಿ, ಹಾವು ಸೇರಿಕೊಳ್ಳುವುದು ಅಲ್ಲೇ.

ಬೀಗದ ಕೈ ಇಟ್ಟುಕೊಂಡವರು ಸಂಜೆ ಅದನ್ನು ತಂದುಕೊಡಲು ಬರುತ್ತಾರೆ. ಲೆಕ್ಕ ಚುಕ್ತಾ ಮಾಡಿ, ಕಾಫಿ ಕೊಡಿ, ಕೈಯನ್ನು ಮಾತ್ರ ವಾಪಸ್ ತೆಗೆದುಕೊಳ್ಳಬೇಡಿ.